ಯಾರೂ ನೋಡದ ಮೇಲೆ ಹನ್ನೊಂದು ಕಾಳು ಏಕೆ?

ಮಗ್ಗದವಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇಪ್ಪತ್ತೆರಡು ವರ್ಷಗಳಿಂದ ಕೈಮಗ್ಗದ ಮುಂದೆ ಕುಳಿತಿದ್ದೇನೆ. ಜಾಗತೀಕರಣ, ಸ್ಥಳೀಯ ಸಂಸ್ಕೃತಿ, ಕಲೆಯ ಅಳಿವು ಉಳಿವು ಎಂದು ಇಲ್ಲಿ ಅನೇಕರು ಚರ್ಚೆ ಮಾಡುತ್ತೀರಿ. ನಾನು ಓದಿಕೊಂಡು ಸುಮ್ಮನಿರುತ್ತಿದ್ದೆ. ಈ ಸಲ ಕೇಳಲೇಬೇಕಾಗಿದೆ. ಆ ದೊಡ್ಡ ಮಾತು ಈಗ ನನ್ನ ಮಗ್ಗದ ಮೇಲೆಯೇ ಬಂದು ಕುಳಿತಿದೆ.

ನಾನು ನೇಯುವ ಬಟ್ಟೆಯ ಅಂಚಿನಲ್ಲಿ ತೆನೆಗಳ ಸಾಲು ಇರುತ್ತದೆ. ಒಂದೊಂದು ತೆನೆಗೂ ಹನ್ನೊಂದು ಕಾಳು: ಎಡಕ್ಕೆ ಐದು, ಬಲಕ್ಕೆ ಐದು, ನೆತ್ತಿಯಲ್ಲಿ ಒಂದು. ಆ ನೆತ್ತಿಯ ಕಾಳು ಅಡ್ಡನೂಲಿನ ಲಾಳಿ ಓಡಿಸಿದರೆ ಬರುವುದಿಲ್ಲ. ಹಾಸಿನ, ಅಂದರೆ ಉದ್ದಕ್ಕೆ ಬಿಗಿದ, ಎಳೆಗಳನ್ನು ಬೆರಳಿನಿಂದ ಎಣಿಸಿ ಎತ್ತಿ, ಪುಟ್ಟ ಕಂಡಿಕೆಯಲ್ಲಿ ಸುತ್ತಿಕೊಂಡ ಬೇರೆ ಬಣ್ಣದ ನೂಲನ್ನು ಅಷ್ಟು ಜಾಗದಲ್ಲಿ ಮಾತ್ರ ತೂರಿಸಿ, ಮತ್ತೆ ಹಿಂದಕ್ಕೆ ತರಬೇಕು. ಒಂದು ಎಳೆ ತಪ್ಪಿದರೂ ಕಾಳು ಸೊಟ್ಟಗಾಗುತ್ತದೆ, ಮುಂದಿನ ತೆನೆ ಅದಕ್ಕೆ ತಗುಲಿಕೊಂಡು ನಿಲ್ಲುತ್ತದೆ.

ಇದನ್ನು ಕಲಿಸಿದವರು ನನ್ನ ದೊಡ್ಡಮ್ಮ. ಮುಗಿದ ಬಟ್ಟೆಯನ್ನು ಕೊಟ್ಟರೆ ಅವರು ಮೊದಲು ಅದನ್ನು ಮಗುಚುತ್ತಿದ್ದರು. ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸುತ್ತಾ ಹೋಗಿ, ಎಲ್ಲಿ ಎಳೆ ಹಾರಿದೆಯೋ ಅಲ್ಲಿ ನಿಲ್ಲಿಸುತ್ತಿದ್ದರು. ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ಬೆರಳು ನಿಂತಿತೆಂದರೆ ನಾನು ಬಿಚ್ಚಲು ಕೂರಬೇಕು, ಅಷ್ಟೇ. ಕೊಳ್ಳಲು ಬರುತ್ತಿದ್ದ ಹೆಂಗಸರೂ ಅಂಥವರೇ. ಬೆಲೆ ಕೇಳುವ ಮೊದಲು ತೆನೆ ಎಣಿಸುತ್ತಿದ್ದರು.

ನಾಲ್ಕು ವರ್ಷಗಳಿಂದ ನನ್ನ ಬಟ್ಟೆ ಹೆಚ್ಚಾಗಿ ಹೊರದೇಶಕ್ಕೆ ಹೋಗುತ್ತಿದೆ. ಮಧ್ಯವರ್ತಿಯೊಬ್ಬರು ಚಿತ್ರ ಕಳುಹಿಸುತ್ತಾರೆ. ಅಲ್ಲಿನ ವಿನ್ಯಾಸಕಾರರು ತೆನೆಯನ್ನು ಅಂಚಿನಿಂದ ಕಿತ್ತು, ಅರ್ಧಕ್ಕೆ ಕತ್ತರಿಸಿ, ದಿಂಬಿನ ಕವರಿನ ನಡುವೆ ಇಟ್ಟಿರುತ್ತಾರೆ. ಪ್ರತಿ ಹಂಗಾಮಿಗೂ ಬಣ್ಣ ಬೇರೆ. ಹಣ ಹೇಳಿದ ದಿನಕ್ಕೆ ಬರುತ್ತದೆ. ಆ ಹಣದಲ್ಲಿ ಮಗಳು ಕಾಲೇಜು ಓದುತ್ತಿದ್ದಾಳೆ, ಇಬ್ಬರು ಹುಡುಗಿಯರು ನನ್ನ ಬಳಿ ಕೆಲಸ ಕಲಿಯುತ್ತಿದ್ದಾರೆ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೆಲಸವಿಲ್ಲದೆ ಮಗ್ಗದ ಮೇಲೆ ಧೂಳು ಕೂತಿದ್ದ ವರ್ಷಗಳನ್ನು ಕಂಡವಳು ನಾನು.

ಕಳೆದ ಸಲ ಎಂಬತ್ತು ಕವರುಗಳ ಬೇಡಿಕೆ ಬಂತು. ನಡುವೆ ಜ್ವರ, ಗಡುವು ಹತ್ತಿರ. ಮೈ ಬಿಸಿಯಿದ್ದಾಗಲೇ ಕುಳಿತು ನೇಯ್ದೆ. ಪೆಟ್ಟಿಗೆಗಳು ಹೋದ ಮೇಲೆ ಉಳಿದಿದ್ದ ಒಂದು ತುಂಡನ್ನು ಮಗುಚಿ ನೋಡಿದರೆ ತೆನೆಗೆ ಒಂಬತ್ತೇ ಕಾಳು. ಹತ್ತಿಪ್ಪತ್ತು ಕವರುಗಳಾದರೂ ಹಾಗೆಯೇ ಹೋಗಿರಬೇಕು. ದೂರು ಬರುತ್ತದೆ ಎಂದು ಎರಡು ತಿಂಗಳು ಎದೆ ಹಿಡಿದುಕೊಂಡು ಕಾದೆ. ಆರು ಕವರುಗಳು ವಾಪಸು ಬಂದವು. ಮೊಬೈಲಿನಲ್ಲಿ ಕಂಡ ಬಣ್ಣಕ್ಕೂ ಕೈಗೆ ಬಂದ ಬಣ್ಣಕ್ಕೂ ವ್ಯತ್ಯಾಸವಿದೆಯಂತೆ. ಕಾಳಿನ ಮಾತು ಎತ್ತಿದವರು ಯಾರೂ ಇಲ್ಲ.

ಆ ತುಂಡನ್ನು ನೋಡುತ್ತಿದ್ದಾಗ ನನ್ನ ಬಳಿ ಕಲಿಯುವ ಹುಡುಗಿ ಕೇಳಿದಳು: “ಯಾರೂ ನೋಡದ ಮೇಲೆ ಹನ್ನೊಂದು ಕಾಳು ಏಕೆ ಅಕ್ಕಾ? ಒಂಬತ್ತು ಹಾಕಿದರೆ ದಿನಕ್ಕೆ ಒಂದು ಕವರು ಹೆಚ್ಚು ಆಗುತ್ತದೆ.” ಅವಳ ಲೆಕ್ಕ ಸರಿಯಾಗಿಯೇ ಇದೆ. ನನಗೆ ಉತ್ತರ ಹೊಳೆಯಲಿಲ್ಲ, ಇನ್ನೂ ಹೊಳೆದಿಲ್ಲ. ತಿಳಿದವರು ಹೇಳಿ. ಪ್ರಪಂಚವೇ ಗಿರಾಕಿಯಾದಾಗ ನನ್ನ ಕೆಲಸದಲ್ಲಿ ತಪ್ಪು ಹಿಡಿಯುವವರು ಯಾರು? ಯಾರೂ ಇಲ್ಲದಿದ್ದರೆ ಅದನ್ನು ಇನ್ನೂ ಕಲೆ ಎಂದು ಕರೆಯಬಹುದೇ?

ಬಟ್ಟೆಯ ಮೇಷ್ಟ್ರು

ಅಮ್ಮಾ, ಜವಳಿಯ ಇತಿಹಾಸವನ್ನು ಬಹುಕಾಲ ಪಾಠ ಮಾಡಿದವನು ನಾನು. ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿ ಮೂರು ಸಲ ಓದಿದೆ.

ಮೊದಲು ಒಂದು ಮಾತು. ದೂರದ ಗಿರಾಕಿ ನಿಮ್ಮ ಕಾಲದಲ್ಲಿ ಹೊಸದಾಗಿ ಹುಟ್ಟಿದವನಲ್ಲ. ಕೋರಮಂಡಲ ತೀರದ ಕುಶಲಕರ್ಮಿಗಳು ಹತ್ತಿಯ ಬಟ್ಟೆಯ ಮೇಲೆ ಬಣ್ಣದಲ್ಲಿ ಹೂಬಳ್ಳಿ ಬರೆಯುತ್ತಿದ್ದರು. 17ನೇ ಶತಮಾನದಲ್ಲೇ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯವರು ಅವರಿಗೆ ಲಂಡನ್ನಿನಿಂದ ಮಾದರಿಗಳನ್ನು ಕಳುಹಿಸುತ್ತಿದ್ದರು. ಕೆಂಪು ನೆಲ ಬೇಡ, ಬಿಳಿ ನೆಲದ ಮೇಲೆ ಹೂ ಬರಲಿ ಎಂದು ಬರೆಯುತ್ತಿದ್ದರು. ಹಾಗೆ ಮಾಡಿಕೊಟ್ಟ ಬಟ್ಟೆ ಇಂಗ್ಲೆಂಡಿನಲ್ಲಿ ಎಷ್ಟು ಜನಪ್ರಿಯವಾಯಿತೆಂದರೆ, ಅಲ್ಲಿನ ನೇಕಾರರ ಹೊಟ್ಟೆಯ ಮೇಲೆ ಹೊಡೆತ ಬಿತ್ತು. ಅಲ್ಲಿನ ಸಂಸತ್ತು 1700ರಲ್ಲಿ ಒಮ್ಮೆ, 1721ರಲ್ಲಿ ಮತ್ತೊಮ್ಮೆ ಇಂಥ ಬಟ್ಟೆಗಳನ್ನು ತಡೆಯಲು ಕಾನೂನು ಮಾಡಬೇಕಾಯಿತು. ಹೊರಗಿನವರು ಹೇಳಿದಂತೆ ಬದಲಾದ ಮಾತ್ರಕ್ಕೆ ಆ ಬಟ್ಟೆ ಕೀಳಾಗಲಿಲ್ಲ. ಇಂದು ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ಇರುವುದು ಆ ಬಿಳಿ ನೆಲದ ಬಟ್ಟೆಗಳೇ.

ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಇನ್ನೊಂದು ಬಟ್ಟೆಯ ಕಥೆ. ಅದರಲ್ಲಿ ‘ತಪ್ಪು’ ಎಂಬ ಮಾತೇ ನಾಯಕ.

ಜಾವಾ ದ್ವೀಪದ ಹೆಂಗಸರು ಬಿಸಿ ಮೇಣದಲ್ಲಿ ಗೆರೆ ಎಳೆದು ಬಣ್ಣ ಹಾಕುವ ಬಾಟಿಕ್ ನಿಮಗೆ ಗೊತ್ತೇ ಇದೆ. ಆ ದ್ವೀಪವನ್ನು ಆಳುತ್ತಿದ್ದ ಡಚ್ಚರು 19ನೇ ಶತಮಾನದಲ್ಲಿ ಅದನ್ನು ಯಂತ್ರದಲ್ಲಿ ಅಚ್ಚು ಹಾಕಿ ಜಾವಾದವರಿಗೇ ಮಾರಲು ಹೊರಟರು. ಯಂತ್ರ ಹಚ್ಚುತ್ತಿದ್ದ ರಾಳ ಒಣಗಿದಾಗ ಸೀಳು ಬಿಡುತ್ತಿತ್ತು, ಆ ಸೀಳುಗಳಲ್ಲಿ ಬಣ್ಣ ಇಳಿದು ಬಟ್ಟೆಯ ತುಂಬ ಸಣ್ಣ ನರಗಳಂತೆ ಗೆರೆ ಮೂಡುತ್ತಿತ್ತು. ಜಾವಾದ ಹೆಂಗಸರು ಅದನ್ನು ನೋಡಿದ ತಕ್ಷಣ ಕೈಯಿಂದ ಆಚೆ ಸರಿಸಿದರು. ಅವರ ಕಣ್ಣಿಗೆ ಅದು ಕೆಲಸ ಬಾರದವರು ಮಾಡಿದ ಬಾಟಿಕ್. ನಿಮ್ಮ ದೊಡ್ಡಮ್ಮನ ಹೆಬ್ಬೆರಳು ಅಲ್ಲಿಯೂ ಇತ್ತು ಎಂದಿಟ್ಟುಕೊಳ್ಳಿ.

ಅದೇ ಬಟ್ಟೆ 1890ರ ದಶಕದಲ್ಲಿ ಆಫ್ರಿಕಾದ ಪಶ್ಚಿಮ ತೀರಕ್ಕೆ, ಇಂದಿನ ಘಾನಾ ಇರುವ ಕಡೆಗೆ ಹೋಯಿತು. ಅಲ್ಲಿನ ಹೆಂಗಸರಿಗೆ ಆ ಸೀಳಿನ ಗೆರೆಗಳೇ ಇಷ್ಟವಾದವು. ಎರಡು ಗಜ ಒಂದೇ ತರಹ ಇರುವುದಿಲ್ಲ ಎಂಬುದೇ ಅದರ ಬೆಲೆಯಾಯಿತು. ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆ ಹೆಂಗಸರು ಕೊಂಡು ಉಟ್ಟು ಸುಮ್ಮನಾಗಲಿಲ್ಲ. ಕಾರ್ಖಾನೆಯಿಂದ ಬರೀ ಸಂಖ್ಯೆ ಹೊತ್ತು ಬರುತ್ತಿದ್ದ ವಿನ್ಯಾಸಗಳಿಗೆ ಮಾರುಕಟ್ಟೆಯ ವ್ಯಾಪಾರಿ ಹೆಂಗಸರು ಹೆಸರಿಟ್ಟರು. ಬಾಗಿಲು ತೆರೆದ ಪಂಜರ, ಹೊರಗೆ ಹಕ್ಕಿ ಇರುವ ಒಂದು ವಿನ್ಯಾಸಕ್ಕೆ ‘ನೀನು ಹೊರಗೆ ಹೋದರೆ ನಾನೂ ಹೋಗುತ್ತೇನೆ’ ಎಂದು ಹೆಸರು. ಗಂಡನಿಗೆ ಬಾಯಲ್ಲಿ ಹೇಳಲಾಗದ್ದನ್ನು ಹೆಂಡತಿ ಮೈಮೇಲೆ ಹೊದ್ದುಕೊಂಡು ಹೇಳಬಹುದಾಗಿತ್ತು. ಟೋಗೋ ದೇಶದ ಲೋಮೆ ನಗರದಲ್ಲಿ ಈ ವ್ಯಾಪಾರದಿಂದ ಬೆಳೆದು ಮರ್ಸಿಡಿಸ್ ಬೆಂಜ್ ಕಾರು ಕೊಂಡ ಹೆಂಗಸರನ್ನು ‘ನಾನಾ ಬೆಂಜ್’ ಎಂದೇ ಕರೆಯುತ್ತಿದ್ದರು. ಯಾವುದು ಓಡುತ್ತದೆ, ಯಾವುದು ಓಡುವುದಿಲ್ಲ, ಯಾವ ಬಣ್ಣ ತಪ್ಪು ಎಂದು ಹಾಲೆಂಡಿನ ಕಾರ್ಖಾನೆಗೆ ಅವರು ಹೇಳಿ ಕಳುಹಿಸುತ್ತಿದ್ದರು, ಕಾರ್ಖಾನೆ ಕೇಳುತ್ತಿತ್ತು.

ಜಾವಾದಲ್ಲಿ ಹುಟ್ಟಿದ ಕಲೆ, ಯೂರೋಪಿನ ಯಂತ್ರ, ಆಫ್ರಿಕಾದ ಮೈ. ಇಷ್ಟು ಬೆರಕೆಯಾದ ವಸ್ತು ಪಶ್ಚಿಮ ಆಫ್ರಿಕಾದವರ ಸ್ವಂತದ್ದಾದದ್ದು ಹೇಗೆ? ಅದರಲ್ಲಿ ತಪ್ಪು ಹಿಡಿಯುವ ಅಧಿಕಾರ ಅವರ ಕೈಗೆ ಬಂದಿತ್ತು. ಮುಂದೆ 1994ರ ಜನವರಿಯಲ್ಲಿ ಟೋಗೋ ಮುಂತಾದ ದೇಶಗಳ ನಾಣ್ಯವಾದ ಸಿ.ಎಫ್.ಎ. ಫ್ರಾಂಕಿನ ಬೆಲೆ ಒಂದೇ ಏಟಿಗೆ ಅರ್ಧಕ್ಕೆ ಇಳಿಯಿತು. ಡಚ್ ಬಟ್ಟೆ ಕೈಗೆಟುಕದಾಯಿತು. ಬಳಿಕ ಚೀನಾದಲ್ಲಿ ಅಚ್ಚಾದ ಅಗ್ಗದ ನಕಲುಗಳು ಬಂದು ಮಾರುಕಟ್ಟೆ ತುಂಬಿದವು. ಆ ಹೆಂಗಸರು ಹೇಳಿದ್ದನ್ನು ಕೇಳುವವರು ಕಡಿಮೆಯಾದರು.

ಆದ್ದರಿಂದ ನನ್ನ ಉತ್ತರ ಇಷ್ಟು. ದೂರದವರು ಕೊಂಡರೆಂದು ನಿಮ್ಮ ಕಲೆ ಸಾಯುವುದಿಲ್ಲ. ದೂರದವರಲ್ಲಿ ಒಬ್ಬರಾದರೂ ಬಟ್ಟೆಯನ್ನು ಮಗುಚಿ ನೋಡುವಂತಾಗಬೇಕು. ಅದು ಆಗುವ ಮಾತೇ ಎಂದರೆ, ಘಾನಾದಲ್ಲಿ ಆಯಿತು.

ಕೇಳುಗ

ಮೇಷ್ಟ್ರು ಹೇಳಿದ್ದರಲ್ಲಿ ಭರವಸೆ ಇದೆ. ನನ್ನ ಅನುಭವ ಅಷ್ಟು ಹಗುರ ಮಾಡುವಂಥದ್ದಲ್ಲ. ಧ್ವನಿಮುದ್ರಣಗಳನ್ನು ಕಾಪಾಡುವ, ಪಟ್ಟಿ ಮಾಡುವ ಕೆಲಸ ನನ್ನದು. ತಪ್ಪು ಹಿಡಿಯುವವರು ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಜೋಗುಳದ ಕಥೆ ಹೇಳುತ್ತೇನೆ. ಇದನ್ನು ನೆನೆದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಶಾಂತಸಾಗರದ ಸಾಲೊಮನ್ ದ್ವೀಪಗಳಲ್ಲಿ ಮಲೈಟಾ ಎಂಬುದೊಂದು. 1970ರ ಸುಮಾರಿಗೆ ಹ್ಯೂಗೋ ಜೆಂಪ್ ಎಂಬ ಸಂಗೀತ ಸಂಶೋಧಕರು ಅಲ್ಲಿ ಅಫುನಕ್ವಾ ಎಂಬ ಹೆಂಗಸು ಬೈಗು ಭಾಷೆಯಲ್ಲಿ ಹಾಡಿದ ಜೋಗುಳವನ್ನು ಮುದ್ರಿಸಿಕೊಂಡರು. ಯುನೆಸ್ಕೋದ ಸಂಗ್ರಹದಲ್ಲಿ ಅದು ಧ್ವನಿಮುದ್ರಿಕೆಯಾಗಿ ಹೊರಬಂತು. ಹಾಡಿನ ಅರ್ಥ ಕೇಳಿದರೆ ಎದೆ ಹಿಂಡುತ್ತದೆ. ತಂದೆ ತೀರಿಹೋದ ಎಳೆಯ ತಮ್ಮನನ್ನು ಒಡಹುಟ್ಟು ಸಮಾಧಾನ ಮಾಡುತ್ತಿದೆ: ಅಳಬೇಡ, ಇನ್ನು ನಿನ್ನನ್ನು ಎತ್ತಿಕೊಳ್ಳುವವರು ಯಾರು ಎಂದು.

1992ರಲ್ಲಿ ಫ್ರಾನ್ಸಿನ ಸಂಗೀತಗಾರರ ಜೋಡಿಯೊಂದು ಆ ದನಿಯನ್ನು ಎತ್ತಿಕೊಂಡು, ಕೆಳಗೆ ತಾಳ, ಸಿಂಥಸೈಜರ್ ಸೇರಿಸಿ ಹೊಸ ಹಾಡು ಮಾಡಿತು. ಲೋಕದ ಮೂಲೆಮೂಲೆಯಲ್ಲಿ ಅದು ಕೇಳಿತು, ಜಾಹೀರಾತುಗಳಿಗೂ ಹೋಯಿತು. ಆ ಆಲ್ಬಮ್ಮಿನ ಮುಖ್ಯ ಆಕರ್ಷಣೆ ಮಧ್ಯ ಆಫ್ರಿಕಾದ ಕಾಡುಗಳ ಪಿಗ್ಮಿ ಜನರ ಸಂಗೀತ. ಹೀಗಾಗಿ ಕೇಳಿದವರೆಲ್ಲ ಈ ಜೋಗುಳವೂ ಅವರದ್ದೇ ಎಂದುಕೊಂಡರು. 1996ರಲ್ಲಿ ನಾರ್ವೆಯ ಹೆಸರಾಂತ ಸ್ಯಾಕ್ಸೊಫೋನ್ ವಾದಕ ಯಾನ್ ಗಾರ್ಬರೆಕ್ ಅದೇ ರಾಗವನ್ನು ನುಡಿಸಿ ‘ಪಿಗ್ಮಿ ಜೋಗುಳ’ ಎಂದೇ ಹೆಸರು ಕೊಟ್ಟರು. ಆ ರಾಗ ಎಲ್ಲಿಯದು, ಪಿಗ್ಮಿ ಜನ ಎಲ್ಲಿಯವರು! ನಡುವೆ ಒಂದು ಮಹಾಸಾಗರವೂ ಒಂದು ಖಂಡದ ಅರ್ಧವೂ ಇದೆ. ಕೇಳಿದ ಅಷ್ಟೊಂದು ಜನರಲ್ಲಿ ಮಲೈಟಾದ ಒಬ್ಬ ಅಜ್ಜಿ ಇದ್ದಿದ್ದರೆ, ಆ ಅಜ್ಜಿಗೆ ಮಾತಾಡಲು ಒಂದು ಜಾಗ ಇದ್ದಿದ್ದರೆ, ಮೊದಲ ಸಾಲಿಗೇ ಕೈ ಎತ್ತುತ್ತಿದ್ದಳು.

ಅನುಮತಿಯ ವಿಚಾರದಲ್ಲಿಯೂ ತಮ್ಮನ್ನು ಸರಿಯಾಗಿ ಕೇಳಲಿಲ್ಲ ಎಂದು ಜೆಂಪ್ ಬಹಿರಂಗವಾಗಿ ಆಕ್ಷೇಪಿಸಿದರು. ಅಫುನಕ್ವಾ 1998ರಲ್ಲಿ ತೀರಿಕೊಂಡರು.

ಅಕ್ಕಾ, ಆ ಹಾಡು ಹಾಳಾಗಿರಲಿಲ್ಲ. ಇಂಪಾಗಿಯೇ ಇತ್ತು, ಲಕ್ಷಾಂತರ ಜನ ಮೆಚ್ಚಿದರು. ನಿಮ್ಮ ಒಂಬತ್ತು ಕಾಳಿನ ಕವರುಗಳೂ ಯಾರದೋ ಮನೆಯಲ್ಲಿ ಚೆಂದವಾಗಿಯೇ ಕಾಣುತ್ತಿರಬಹುದು. ಚೆಂದ ಉಳಿಯುತ್ತದೆ, ತಂದೆ ಸತ್ತ ಮಗುವಿನ ಸಂಕಟ ಮಾತ್ರ ಅದರೊಳಗಿಂದ ಹೊರಟುಹೋಗಿರುತ್ತದೆ. ನಾನು ಹೆದರುವುದು ಅದಕ್ಕೆ.

ಕುಂಚ

ಇಲ್ಲಿ ಎಲ್ಲರೂ ದೊಡ್ಡಮ್ಮನ ಹೆಬ್ಬೆರಳಿಗೆ ಕೈಮುಗಿಯುತ್ತಿದ್ದೀರಿ. ನಾನು ಚಿತ್ರ ಬರೆಯುವವಳು, ಒಂದು ವಿರೋಧದ ಮಾತು ಹೇಳಲೇಬೇಕು.

ತಪ್ಪು ಹಿಡಿಯುವ ಅಧಿಕಾರ ಯಾರಿಗಿತ್ತು ಎಂದೂ ಕೇಳಿಕೊಳ್ಳಿ. ಆ ಅಧಿಕಾರವಿದ್ದವರೇ ‘ನೀನು ಇದನ್ನು ಮುಟ್ಟಬೇಡ’ ಎಂದೂ ಹೇಳಿದವರು. ಬಿಹಾರದ ಮಿಥಿಲೆಯ ಭಿತ್ತಿಚಿತ್ರಗಳನ್ನೇ ತೆಗೆದುಕೊಳ್ಳಿ. ಮದುವೆಯ ಸಂದರ್ಭದಲ್ಲಿ ಗೋಡೆಯ ಮೇಲೆ ಬರೆಯುವ ಆ ವಿಸ್ತಾರವಾದ ಚಿತ್ರಗಳು ಹೆಸರಾದದ್ದು ಬ್ರಾಹ್ಮಣ, ಕಾಯಸ್ಥ ಮನೆಗಳ ಹೆಂಗಸರ ಕಲೆಯೆಂದು. 1966–67ರ ಭೀಕರ ಬರಗಾಲದಲ್ಲಿ, ಜನರ ಕೈಗೆ ಒಂದಿಷ್ಟು ದುಡಿಮೆ ಸಿಗಲೆಂದು ಸರ್ಕಾರದ ಕರಕುಶಲ ಮಂಡಳಿಯ ಪುಪುಲ್ ಜಯಕರ್ ಅವರು ಭಾಸ್ಕರ ಕುಲಕರ್ಣಿ ಎಂಬ ಕಲಾವಿದರನ್ನು ಅಲ್ಲಿಗೆ ಕಳುಹಿಸಿದರು. ಅವರು ಕಾಗದ ಹಂಚಿದರು. ಗೋಡೆಯಲ್ಲಿದ್ದದ್ದು ಕಾಗದಕ್ಕೆ ಇಳಿಯಿತು, ಕಾಗದ ಹಡಗು ವಿಮಾನ ಹತ್ತಿತು. 1975ರಲ್ಲಿ ಆ ಕಲಾವಿದೆಯರಲ್ಲಿ ಒಬ್ಬರಾದ ಜಗದಂಬಾ ದೇವಿಯವರಿಗೆ ಪದ್ಮಶ್ರೀ ಬಂತು.

ನನಗೆ ಅದಕ್ಕಿಂತ ಮುಖ್ಯವಾದದ್ದು ಆಮೇಲೆ ನಡೆದದ್ದು. ದಲಿತರಾದ ದುಸಾಧ ಸಮುದಾಯದ ಹೆಂಗಸರೂ 1970ರ ದಶಕದಲ್ಲಿ ಕಾಗದ ಹಿಡಿದರು. ಅವರಿಗೆ ಆ ದೇವಾನುದೇವತೆಗಳ ಮದುವೆ ಮಂಟಪದ ಚಿತ್ರ ತಮ್ಮದಾಗಿರಲಿಲ್ಲ. ತಮ್ಮ ತೋಳಿನ ಮೇಲೆ, ಕಾಲಿನ ಮೇಲೆ ಹಾಕಿಸಿಕೊಳ್ಳುತ್ತಿದ್ದ ಹಚ್ಚೆಯ ವಿನ್ಯಾಸಗಳನ್ನೇ ಅವರು ಕಾಗದಕ್ಕೆ ತಂದರು. ಮೇಲ್ಜಾತಿಯ ದೇವರುಗಳ ಬದಲು ತಮ್ಮ ವೀರನಾದ ರಾಜಾ ಸಲ್ಹೇಸನ ಕಥೆ ಬರೆದರು. ಚಾನೋ ದೇವಿಯಂಥವರ ಕೈಯಲ್ಲಿ ಅದೊಂದು ಪ್ರತ್ಯೇಕ ಶೈಲಿಯೇ ಆಯಿತು. ಇದಕ್ಕೆ ಒತ್ತಾಸೆಯಾಗಿ ನಿಂತವರಲ್ಲಿ ಜರ್ಮನಿಯ ಮಾನವಶಾಸ್ತ್ರಜ್ಞೆ ಎರಿಕಾ ಮೋಸರ್ ಒಬ್ಬರು. ಊರಿನ ಕಣ್ಣಿಗೆ ಯಾವುದು ಕಲೆಯೇ ಆಗಿರಲಿಲ್ಲವೋ, ಹೊರಗಿನ ಕಣ್ಣಿಗೆ ಅದು ಕಲೆಯಾಗಿ ಕಂಡಿತು. ದೂರದ ಗಿರಾಕಿಗೆ ಹನ್ನೊಂದು ಕಾಳಿನ ಲೆಕ್ಕ ತಿಳಿಯದಿರಬಹುದು, ಯಾರು ಕುಂಚ ಹಿಡಿಯಬಾರದು ಎಂಬ ಲೆಕ್ಕವೂ ಅವನಿಗೆ ತಿಳಿದಿರಲಿಲ್ಲ. ಆ ಅಜ್ಞಾನದಿಂದ ಎಷ್ಟೋ ಹೆಂಗಸರು ಉಸಿರಾಡಿದರು.

ಅದೇ ಮಿಥಿಲೆಯ ಕಲಾವಿದೆ ಗಂಗಾದೇವಿಯವರನ್ನು ನೆನೆಯಿರಿ. ಮದುವೆಯ ಕಮಲದ ಬಳ್ಳಿ ಬರೆದ ಅದೇ ಸಣ್ಣ ಗೆರೆಯಲ್ಲಿ ಅವರು ಅಮೆರಿಕದಲ್ಲಿ ಕಂಡ ತಿರುಗುವ ಆಟದ ಬಂಡಿಗಳನ್ನು ಬರೆದರು, ಕೊನೆಗೆ ತಮ್ಮ ಕ್ಯಾನ್ಸರ್ ಕಾಯಿಲೆಯನ್ನೂ ಆಸ್ಪತ್ರೆಯ ಮಂಚವನ್ನೂ ಬರೆದರು. ಗೋಡೆಯ ಮುಂದೆ ನಿಂತ ಯಾವ ಅತ್ತೆಯೂ ಅದಕ್ಕೆ ಒಪ್ಪಿಗೆ ಕೊಡುತ್ತಿರಲಿಲ್ಲ. ಹಾಗೆಂದು ಅದನ್ನು ತಪ್ಪು ಎನ್ನುತ್ತೀರಾ?

ಅಕ್ಕಾ, ಒಂಬತ್ತು ಕಾಳು ನೇಯಬೇಕೆಂದು ನಿಮಗೇ ಅನ್ನಿಸಿದರೆ ನೇಯಿರಿ. ದೊಡ್ಡಮ್ಮನ ಭಯಕ್ಕೆ ಹನ್ನೊಂದು ಬೇಡ.

ಮಗ್ಗದವಳು

ಕುಂಚದವರೇ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಮಗ್ಗ ನಿಲ್ಲಿಸಿ ಕುಳಿತೆ. ನೀವು ಹೇಳಿದ್ದು ನಿಜ. ದೊಡ್ಡಮ್ಮ ಮನೆಯ ಹೊರಗಿನವರಿಗೆ ತೆನೆ ಕಲಿಸಿದವರಲ್ಲ. ಯಾರಾದರೂ ಬಂದರೆ ಮಗ್ಗದ ಮೇಲೆ ಬಟ್ಟೆ ಎಳೆದು ಮುಚ್ಚುತ್ತಿದ್ದರು. ಈಗ ನನಗೆ ಆ ಪ್ರಶ್ನೆ ಕೇಳಿದ ಹುಡುಗಿ ನಮ್ಮ ಮನೆಯವಳಲ್ಲ. ಹೊರದೇಶದ ಬೇಡಿಕೆ ಬಂದು ಎರಡು ಕೈ ಹೆಚ್ಚು ಬೇಕಾದ್ದರಿಂದಲೇ ಅವಳು ನನ್ನ ಪಕ್ಕದಲ್ಲಿ ಕುಳಿತಿದ್ದಾಳೆ. ದೊಡ್ಡಮ್ಮನ ಕಾಲವಾಗಿದ್ದರೆ ಹೊಸ್ತಿಲು ದಾಟುತ್ತಿರಲಿಲ್ಲ. ಇದನ್ನು ನಾನು ಪ್ರಶ್ನೆಯಲ್ಲಿ ಬರೆಯಬೇಕಿತ್ತು, ಬರೆಯಲಿಲ್ಲ.

ಆದರೆ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ಗಂಗಾದೇವಿಯವರು ಆಸ್ಪತ್ರೆಯ ಮಂಚವನ್ನು ಬರೆಯಬೇಕೆಂದು ತಾವೇ ಬಯಸಿ ಬರೆದರು. ನನ್ನ ಒಂಬತ್ತು ಕಾಳು ಹಾಗಲ್ಲ. ಜ್ವರದಲ್ಲಿ ಕೈ ಜಾರಿ ಬಂದದ್ದು ಅದು. ನಾನು ಆರಿಸಿಕೊಂಡದ್ದಾಗಿದ್ದರೆ ನಿದ್ದೆ ಬರುತ್ತಿತ್ತು.

ಮೇಷ್ಟ್ರೇ, ಆಫ್ರಿಕಾದ ಹೆಂಗಸರು ಕಾರ್ಖಾನೆಗೆ ಹೇಳಿ ಕಳುಹಿಸುತ್ತಿದ್ದರು ಎಂದಿರಿ. ಅವರು ಕೊಳ್ಳುವವರಾಗಿದ್ದರು. ನಾನು ಮಾಡುವವಳು. ನನಗೆ ಹೇಳಿ ಕಳುಹಿಸಲು ಮಧ್ಯವರ್ತಿಯ ಫೋನ್ ನಂಬರ್ ಬಿಟ್ಟರೆ ಏನೂ ಇಲ್ಲ.

ಓದುಗ ವಕೀಲ

ಮಾಡುವವರು ಹೇಳಿದ್ದನ್ನು ದೂರದವರು ಕೇಳಬೇಕಾಗಿ ಬಂದ ಒಂದು ಉದಾಹರಣೆ ನನ್ನ ಓದಿನಲ್ಲಿದೆ. ಕಾನೂನು ನನ್ನ ವೃತ್ತಿ, ಚಿತ್ರಗಳ ಬಗ್ಗೆ ನನಗಿರುವುದು ಪ್ರೀತಿ ಮಾತ್ರ.

ಆಸ್ಟ್ರೇಲಿಯಾದ ನಡುಮರುಭೂಮಿಯಲ್ಲಿ ಪಪುನ್ಯಾ ಎಂಬ ವಸತಿ ಇದೆ. 1971ರಲ್ಲಿ ಅಲ್ಲಿನ ಶಾಲೆಗೆ ಬಂದ ಜೆಫ್ರಿ ಬಾರ್ಡನ್ ಎಂಬ ಚಿತ್ರಕಲಾ ಶಿಕ್ಷಕರ ಒತ್ತಾಸೆಯಿಂದ ಮೂಲನಿವಾಸಿ ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಕಥೆ ಬರೆದರು. ಅಲ್ಲಿಂದ ಮುಂದೆ ಹಲಗೆಯ ಮೇಲೆ, ಕ್ಯಾನ್ವಾಸಿನ ಮೇಲೆ ಆಕ್ರಿಲಿಕ್ ಬಣ್ಣದಲ್ಲಿ ಬರೆಯುತ್ತಾ ಹೋದರು. ಮರುವರ್ಷ ತಮ್ಮದೇ ಕಂಪನಿ ಕಟ್ಟಿಕೊಂಡರು. ಅದಕ್ಕೂ ಮುಂಚೆ ಆ ವಿನ್ಯಾಸಗಳು ಇದ್ದದ್ದು ಮರಳಿನ ಮೇಲೆ, ಮೈಮೇಲೆ. ಆಚರಣೆ ಮುಗಿದ ಮೇಲೆ ಅಳಿಸಿಹೋಗುತ್ತಿದ್ದವು. ಹಲಗೆಯ ಮೇಲೆ ಬಂದಾಗ ಅಳಿಯದೆ ಉಳಿದವು, ಮಾರಾಟವಾದವು, ಪ್ರದರ್ಶನಕ್ಕೆ ಹೋದವು. ಆಗ ಎದ್ದಿತು ನೋಡಿ ಆಕ್ಷೇಪ. ದೀಕ್ಷೆ ಪಡೆದವರು ಮಾತ್ರ ನೋಡಬೇಕಾದ್ದನ್ನು ಎಲ್ಲರ ಕಣ್ಣಿಗೂ ಇಟ್ಟಿದ್ದೀರಿ ಎಂದು ಅವರದೇ ಇತರ ಸಮುದಾಯಗಳವರು ಸಿಟ್ಟಾದರು. ಬರೆಯುವವರು ಆ ಮಾತನ್ನು ತಳ್ಳಿಹಾಕಲಿಲ್ಲ. ಗುಟ್ಟಾದ ಚಿಹ್ನೆಗಳನ್ನು ಬಿಟ್ಟರು, ಕೆಲವನ್ನು ಚುಕ್ಕೆಗಳ ಪದರದ ಕೆಳಗೆ ಮರೆಮಾಡಿದರು. ಇಂದು ಪ್ರಪಂಚದ ಗ್ಯಾಲರಿಗಳು ಬೆಲೆಕಟ್ಟಿ ಕೊಳ್ಳುವ ಆ ಚುಕ್ಕೆಗಳ ಚಿತ್ರಗಳು ಅಷ್ಟು ದಟ್ಟವಾದದ್ದರಲ್ಲಿ ಆ ಆಕ್ಷೇಪದ ಪಾಲು ದೊಡ್ಡದು. ಅಂದರೆ ಪೇಟೆ ದೂರವಿದ್ದರೂ ಹೆಬ್ಬೆರಳು ಹತ್ತಿರವೇ ಇತ್ತು. ಅದು ಹೊಸದನ್ನು ಕೊಲ್ಲಲಿಲ್ಲ, ಹೊಸದಕ್ಕೆ ಒಂದು ದಾರಿ ಮಾಡಿತು. ಕುಂಚದವರು ಇದನ್ನೂ ಗಮನಿಸಲಿ ಎಂದು ವಿನಂತಿ.

ಇನ್ನು ನಾನು ಹೇಳಬೇಕೆಂದಿದ್ದ ನ್ಯಾಯಾಲಯದ ಪ್ರಕರಣಕ್ಕೆ ಬರುತ್ತೇನೆ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಒಂದು ಕಂಪನಿ ಮೂಲನಿವಾಸಿ ಕಲಾವಿದರ ಚಿತ್ರಗಳನ್ನು ನಕಲು ಮಾಡಿ ವಿಯೆಟ್ನಾಮಿನಲ್ಲಿ ಕಂಬಳಿ ನೇಯಿಸಿ ತರಿಸಿತು, ನೆಲಕ್ಕೆ ಹಾಸುವ ಕಂಬಳಿ. ಮೂಲನಿವಾಸಿ ಕಲಾವಿದರಿಗೆ ಗೌರವಧನ ಸಲ್ಲುತ್ತದೆ ಎಂಬ ಚೀಟಿ ಬೇರೆ. ಕಲಾವಿದರನ್ನು ಯಾರೂ ಕೇಳಿರಲಿಲ್ಲ. ಕಲಾವಿದರಲ್ಲಿ ಕೆಲವರು ತೀರಿಕೊಂಡಿದ್ದರು, ಅವರ ಪರವಾಗಿ ಪ್ರತಿನಿಧಿಗಳು ನಿಂತರು. 1994ರಲ್ಲಿ ಫೆಡರಲ್ ನ್ಯಾಯಾಲಯ ಕಲಾವಿದರ ಪರವಾಗಿ ತೀರ್ಪು ಕೊಟ್ಟಿತು. ಸುಮಾರು 1,88,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ.

ಹಣಕ್ಕಿಂತ ನನ್ನನ್ನು ತಟ್ಟಿದ್ದು ತೀರ್ಪಿನ ಒಳಗಿನ ಒಂದು ವಿಚಾರ. ಆ ಚಿತ್ರಗಳಲ್ಲಿರುವ ಕಥೆಗೆ ಕಲಾವಿದ ತನ್ನ ಕುಲದ ಪರವಾಗಿ ಕಾವಲುಗಾರ. ಅದು ಎಲ್ಲಿಯಾದರೂ ಕೆಟ್ಟ ರೀತಿಯಲ್ಲಿ ಬಳಕೆಯಾದರೆ, ಅವನಿಗೆ ಗೊತ್ತಿಲ್ಲದೆ ಆಗಿದ್ದರೂ, ಕುಲದವರ ಮುಂದೆ ಅವನೇ ಉತ್ತರ ಹೇಳಬೇಕು. ಕಾಲಡಿಯ ಕಂಬಳಿಯಿಂದ ಆದ ನಷ್ಟವನ್ನು ಅಳೆಯುವಾಗ ನ್ಯಾಯಾಲಯ ಈ ಸಂಕಟವನ್ನೂ ಲೆಕ್ಕಕ್ಕೆ ಹಿಡಿಯಿತು. ಹಕ್ಕುಸ್ವಾಮ್ಯದ ಕಾನೂನಿನಲ್ಲಿ ಅಂಥ ಲೆಕ್ಕಕ್ಕೆ ಜಾಗ ಸಿಗುವುದು ಅಪರೂಪ.

ಅಕ್ಕಾ, ನಿಮ್ಮದು ಮೊಕದ್ದಮೆಯ ವಿಷಯವಲ್ಲ, ನೀವು ಒಪ್ಪಿ ನೇಯ್ದುಕೊಟ್ಟಿದ್ದೀರಿ. ಆದರೆ ಮುಂದಿನ ಒಪ್ಪಂದದಲ್ಲಿ ಒಂದು ಸಾಲು ಸೇರಿಸಲು ಅಡ್ಡಿ ಏನು? ತೆನೆಗೆ ಹನ್ನೊಂದು ಕಾಳು, ಕತ್ತರಿಸಿದ ತೆನೆ ನೇಯುವುದಿಲ್ಲ, ಪ್ರತಿ ತುಂಡಿನ ಜೊತೆ ಇದನ್ನು ವಿವರಿಸುವ ಚೀಟಿ ಹೋಗಬೇಕು ಎಂದು. ಬಣ್ಣ ಅವರ ಇಷ್ಟಕ್ಕೆ ಬಿಡಿ. ಒಪ್ಪದಿದ್ದರೆ ಒಪ್ಪಲಿಲ್ಲ. ಕೇಳದೇ ಇದ್ದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ?

ಕೇಳುಗ

ವಕೀಲರ ಸಲಹೆಗೆ ನನ್ನದೊಂದು ಸೇರ್ಪಡೆ. ಚೀಟಿಯಲ್ಲಿ ಚಿತ್ರ ಹಾಕುವುದಾದರೆ ಬಟ್ಟೆಯ ಹಿಂಬದಿಯದನ್ನೂ ಹಾಕಿ. ಹಿಂಬದಿ ನೋಡುವುದನ್ನು ಯಾರಾದರೂ ಕಲಿಸಿದರೆ ತಾನೇ ಜನ ನೋಡುತ್ತಾರೆ. ಮಲೈಟಾದ ಹಾಡಿನ ಜೊತೆಗೆ ಅದರ ಅರ್ಥವೂ ಹೋಗಿದ್ದರೆ ಎಂದು ನಾನು ಇವತ್ತಿಗೂ ಅಂದುಕೊಳ್ಳುತ್ತೇನೆ.

ಕುಂಚ

ಮತ್ತು ಆ ಹುಡುಗಿಗೆ ಉತ್ತರ ಹೇಳುವ ಮೊದಲು ಅವಳ ಕೈಗೇ ಒಂದು ಬಟ್ಟೆ ಕೊಟ್ಟು ನೋಡಿ ಅಕ್ಕಾ. ಹೆಬ್ಬೆರಳು ಮನೆಯವರದ್ದೇ ಆಗಿರಬೇಕಿಲ್ಲವಲ್ಲ. ಪಪುನ್ಯಾದ ವಿಷಯ ನನಗೆ ಈ ಕೋನದಿಂದ ಹೊಳೆದಿರಲಿಲ್ಲ, ವಕೀಲರಿಗೆ ಕೃತಜ್ಞತೆ.

ಮಗ್ಗದವಳು

ಹತ್ತು ದಿನಗಳ ಮೇಲೆ ಬರೆಯುತ್ತಿದ್ದೇನೆ. ಕ್ಷಮಿಸಿ, ಕೆಲಸ ಹೆಚ್ಚಿತ್ತು.

ಮಧ್ಯವರ್ತಿಗೆ ಫೋನ್ ಮಾಡಿದೆ. ಮೊದಲು ನಕ್ಕರು, ಆಮೇಲೆ ಬರೆದು ಕಳುಹಿಸಿ ಎಂದರು. ಮಗಳ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆಸಿ, ಬಟ್ಟೆಯ ಎರಡೂ ಬದಿಯ ಫೋಟೋ ಸೇರಿಸಿ ಕಳುಹಿಸಿದೆ. ಒಂದು ವಾರ ಉತ್ತರವಿಲ್ಲ. ನಂತರ ಆ ಕಡೆಯ ವಿನ್ಯಾಸಕಿಯ ಪತ್ರ ಬಂತು. ತೆನೆಯನ್ನು ಕತ್ತರಿಸಬಾರದೆಂದು ತನಗೆ ತಿಳಿದೇ ಇರಲಿಲ್ಲ, ತಾನು ಅದನ್ನು ಗರಿ ಎಂದುಕೊಂಡಿದ್ದೆ ಎಂದು ಬರೆದಿದ್ದಾರೆ. ಮುಂದಿನ ಬೇಡಿಕೆಯಲ್ಲಿ ಅರ್ಧದಷ್ಟು ಪೂರ್ತಿ ತೆನೆ ಇರಬಹುದು, ಉಳಿದರ್ಧ ಹಳೆಯ ಚಿತ್ರದಂತೆಯೇ ಬೇಕು, ಏಕೆಂದರೆ ಅದರ ಮುದ್ರಿತ ಪಟ್ಟಿ ಆಗಲೇ ಹೊರಬಂದಿದೆಯಂತೆ. ದರ ಏರಿಸುವ ಮಾತಿಲ್ಲ. ನಾನು ಒಪ್ಪಿದೆ. ಉಳಿದರ್ಧದ ಬಗ್ಗೆ ಮುಂದಿನ ಹಂಗಾಮಿನಲ್ಲಿ ಮತ್ತೆ ಬರೆಯುತ್ತೇನೆ.

ಮೊನ್ನೆ ಸಂಜೆ ನಾನು ನೇಯ್ದು ಇಳಿಸಿದ ಬಟ್ಟೆಯನ್ನು ಆ ಹುಡುಗಿಯ ತೊಡೆಯ ಮೇಲೆ ಹಾಕಿದೆ. ಏನು ಮಾಡಬೇಕೆಂದು ಹೇಳಲಿಲ್ಲ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು, ಆಮೇಲೆ ಬಟ್ಟೆಯನ್ನು ಮಗುಚಿದಳು. ಹೆಬ್ಬೆರಳು ಆಡಿಸುತ್ತಾ ಅಂಚಿನುದ್ದಕ್ಕೂ ಹೋದಳು. ದೀಪ ಹಾಕುವ ಹೊತ್ತಾಗಿತ್ತು, ಕಣ್ಣಿಗೆ ಅಷ್ಟಾಗಿ ಕಾಣುತ್ತಿರಲಿಲ್ಲ. ಏಳನೆಯ ತೆನೆಯ ಹತ್ತಿರ ಅವಳ ಬೆರಳು ನಿಂತಿತು. ನಾನು ಬಗ್ಗಿ ನೋಡಿದೆ. ನೆತ್ತಿಯ ಕಾಳಿನ ಪಕ್ಕದಲ್ಲಿ ಒಂದು ಎಳೆ ಹಾರಿತ್ತು.

“ಬಿಚ್ಚಬೇಕು ಅಲ್ಲವೇ ಅಕ್ಕಾ?” ಎಂದಳು. ಏಳನೆಯ ತೆನೆಯಿಂದ ಈಚೆಗೆ ಒಂದೂವರೆ ಗಜ ಬಿಚ್ಚಿದೆವು. ಇನ್ನೂ ಮೂರು ಗೇಣು ಉಳಿದಿದೆ.